ಎಂಬತ್ತನಾಲ್ಕು ಕೆಜಿ ಮರಳು

ರೀ,

ಹೀಗೆ ಕರೆದರೆ ಮೂರನೆಯ ಸಲಕ್ಕಾದರೂ ಪೇಪರಿನಿಂದ ತಲೆ ಎತ್ತುತ್ತಿದ್ದಿರಿ. ಪತ್ರಕ್ಕೂ ಅಷ್ಟೇ ಸಾಕು. 'ಪ್ರೀತಿಯ', 'ಪೂಜ್ಯ' ಅಂತೆಲ್ಲ ಬರೆದರೆ ಯಾರಿಗೋ ಬಂದ ಕಾಗದ ಅಂತ ಪಕ್ಕಕ್ಕಿಡುತ್ತೀರಿ.

ನೀವು ಹೋಗಿ ವಾರ ಕಳೆಯುವ ಮೊದಲೇ ಕೊರಿಯರ್‌ನವನು ಬಂದಿದ್ದ. "ಸಾರ್ ಇದಾರಾ?" ಅಂದ. "ಸ್ನಾನಕ್ಕೆ ಹೋಗಿದಾರೆ, ನಂಗೇ ಕೊಡಿ" ಅಂದುಬಿಟ್ಟೆ. ಬಾಯಿಗೆ ಬಂದದ್ದೇ ಅದು. ಆಮೇಲೆ ಗ್ಯಾಸಿನವನಿಗೂ ಅದೇ, ಫೋನ್ ಮಾಡಿದ ಬ್ಯಾಂಕಿನ ಹುಡುಗಿಗೂ ಅದೇ. ಈಚೆಗೆ ನೀವು ಮಾಡಿದಷ್ಟು ಸ್ನಾನ ಇಡೀ ಜನ್ಮದಲ್ಲಿ ಮಾಡಿರಲಿಲ್ಲ ಬಿಡಿ! ನೆಂಟರಿಗೆಲ್ಲ ಮಗಳು ಅಶ್ವಿನಿಯೇ ಫೋನ್ ಮಾಡಿ ಹೇಳಿದಳು, ನಿಮ್ಮ ಫ್ಯಾಕ್ಟರಿಗೆ ನನ್ನ ತಮ್ಮ ತಿಳಿಸಿದ. ನನ್ನ ಬಾಯಿಂದ ಆ ಮಾತು ಒಂದು ಸಲವೂ ಬಂದಿರಲಿಲ್ಲ. ಬಂದುಬಿಟ್ಟರೆ ನಿಜವೇ ಆಗಿಹೋಗುತ್ತದಲ್ಲ ಅಂತ ಹೆದರಿಕೆ...

ಜೀಪನ್ನು ಎರಡಿಂಚು ಎತ್ತರ ಮಾಡಿಸಿಕೊಂಡು ಬಂದ ದಿನ ನೆನಪಿದೆಯಾ? ಹೊಸ ಸ್ಪ್ರಿಂಗು, ಹೊಸ ಶಾಕ್ ಅಬ್ಸಾರ್ಬರು ಅಂತ ಗೇಟಿನ ಮುಂದೆ ನಿಂತು ಬೀಗುತ್ತಿದ್ದಿರಿ. "ರೀ, ಹತ್ತೋಕೆ ಏಣಿ ತರ್ಲಾ?" ಅಂದೆ. "ಎರಡೇ ಇಂಚು ಕಣೇ, ಅಡಿಗೆ ಕಲ್ಲು ತಗಲಬಾರ್ದು ಅಂತ" ಅಂದಿರಿ. ದೊಮ್ಮಲೂರು ಫ್ಲೈಓವರಿನ ಮೇಲೆ ಯಾವ ಕಲ್ಲು ತಗಲುತ್ತಿತ್ತೋ ದೇವರೇ ಬಲ್ಲ. ನನಗಂತೂ ಅದನ್ನು ಮುಟ್ಟಲೂ ಬಿಡುತ್ತಿರಲಿಲ್ಲ. "ಕ್ಲಚ್ ಸುಟ್ಹಾಕ್ತೀಯ, ನೀನು ಈ ಕಡೆ ಕೂತ್ಕೋ" ಅಂತ ಎಡಗಡೆ ಸೀಟಿಗೆ ಕಳಿಸುತ್ತಿದ್ದಿರಿ.

ಆ ಭಾನುವಾರ ಮರ್ಫಿ ಟೌನಿನ ರಫೀಕ್ ಭಾಯ್ ಶೆಡ್ಡಿಗೆ ವೀಲ್ ಅಲೈನ್‌ಮೆಂಟಿಗೆ ನನ್ನನ್ನೂ ಎಳೆದುಕೊಂಡು ಹೋದಿರಿ. ಗಾಡಿ ಎತ್ತರವಾದರೆ ಚಕ್ರಗಳ ಓರೆ ಬದಲಾಗುತ್ತದೆ, ಸ್ಟೀರಿಂಗ್ ಸೊಟ್ಟಗಾಗುತ್ತದೆ, ಮತ್ತೆ ಸರಿಹೊಂದಿಸಬೇಕು ಅಂತ ದಾರಿಯುದ್ದಕ್ಕೂ ಪಾಠ. ಅಲ್ಲಿ ಹೋದರೆ ರಫೀಕ್ ಭಾಯ್ ನಮ್ಮನ್ನು ಕೆಳಗೇ ಇಳಿಯಗೊಡಲಿಲ್ಲ. "ಖಾಲಿ ಗಾಡಿ ರೋಡಲ್ಲಿ ಓಡಲ್ಲ ಸಾರ್, ಜನ ಕೂತಿರೋ ಗಾಡಿ ಓಡೋದು. ದಿನಾ ಹೆಂಗೆ ಕೂರ್ತೀರೋ ಹಂಗೇ ಕೂತ್ಕೊಳ್ಳಿ" ಅಂತ ನಮ್ಮಿಬ್ಬರನ್ನೂ ಕೂರಿಸಿಯೇ ಗಾಡಿಯನ್ನು ಮೇಲೆತ್ತಿದರು. ಮದುವೆ ಮಂಟಪದಲ್ಲಿ ಕೂತ ಹಾಗೆ ಕೂತಿದ್ದೆವು, ಕೆಳಗೆ ಅವರು ಸ್ಪಾನರ್ ತಿರುಗಿಸುತ್ತಿದ್ದರು. ಹೊಸ ಸ್ಪ್ರಿಂಗು ಭಾರಕ್ಕೆ ಒಗ್ಗಿ ಸ್ವಲ್ಪ ತಗ್ಗುತ್ತದೆ, ಆಮೇಲೆ ಇನ್ನೊಂದು ಸಲ ಇಬ್ಬರೂ ಬರಬೇಕು ಅಂದರು. "ಬರ್ತೀವಿ ಬರ್ತೀವಿ" ಅಂದವರು ನೀವೇ. ಹೇಳಿ, ಎಲ್ಲಿ ಬಂದಿರಿ? ಆ ತಿಂಗಳು ಮುಗಿಯುವ ಮೊದಲೇ ಒಂದು ಬೆಳಿಗ್ಗೆ ಶೂ ಹಾಕಿಕೊಳ್ಳುತ್ತ ಕೂತವರು ಹಾಗೇ ಪಕ್ಕಕ್ಕೆ ವಾಲಿಬಿಟ್ಟಿರಿ.

ನೀವು ಜೀಪಿನಿಂದ ಇಳಿದಾಗ ಬಲಗಡೆಯ ಸ್ಪ್ರಿಂಗು ಮೇಲೆದ್ದು ಕಿರ್ರ್ ಅನ್ನುತ್ತಿತ್ತು. ಅದು ಕೇಳಿದರೆ ನಾನು ಕಾಫಿಗೆ ಇಡುತ್ತಿದ್ದೆ. ರೀ, ಆಮೇಲೂ ಆ ಸದ್ದು ಕೇಳಿದೆ. ಸಂಜೆ, ನೀವು ಬರುವ ಹೊತ್ತಿಗೇ. ಸೌಟು ಹಿಡಿದುಕೊಂಡೇ ಗೇಟಿಗೆ ಓಡಿದರೆ ಜೀಪು ತನ್ನ ಪಾಡಿಗೆ ನಿಂತಿತ್ತು. ಮಾರನೆಯ ದಿನವೂ ಕೇಳಿತು. ಬಿಸಿಲಿಗೆ ಕಾದ ಕಬ್ಬಿಣ ತಣ್ಣಗಾದಾಗ ಹಾಗೆಲ್ಲ ಸದ್ದು ಬರುತ್ತೆ ಅಂದ ನನ್ನ ತಮ್ಮ. ಇರಬಹುದು. ಕಾಫಿಗೆ ಇಡುವುದನ್ನಂತೂ ನಾನು ನಿಲ್ಲಿಸಲಿಲ್ಲ.

ಜೀಪು ಮಾರಿಬಿಡೋಣ ಅಂತ ಅಶ್ವಿನಿ ಹಟ ಹಿಡಿದಾಗ ಎಲ್ಲಿತ್ತೋ ಸಿಟ್ಟು, ಕೀ ತೆಗೆದುಕೊಂಡು ಹೊರಟೆ. ನಿಮ್ಮಾಣೆ, ಕ್ಲಚ್ ಸುಡಲಿಲ್ಲ. ಆದರೆ ಗಾಡಿ ನೆಟ್ಟಗೆ ಹೋಗಲೊಲ್ಲದು. ಸ್ಟೀರಿಂಗ್ ನೆಟ್ಟಗೆ ಹಿಡಿದರೆ ಎಡಕ್ಕೆ ಸರಿಯುತ್ತಿತ್ತು, ಪಕ್ಕದಿಂದ ಯಾರೋ ಕೈಹಾಕಿ ಎಳೆದ ಹಾಗೆ. ರಫೀಕ್ ಭಾಯ್ ಹೇಳಿದ್ದ ಹಾಗೆ ಸ್ಪ್ರಿಂಗು ತಗ್ಗಿತ್ತೋ ಏನೋ. ಹಲಸೂರು ಕೆರೆಯ ಹತ್ತಿರ ಒಂದು ಆಟೋವನ್ನು ಸವರಿಯೇಬಿಡುತ್ತಿದ್ದೆ. ಆಟೋದವನು ತಲೆ ಹೊರಗೆ ಹಾಕಿ "ಏನಮ್ಮಾ, ಮನೇಲಿ ಹೇಳ್ಬಿಟ್ ಬಂದಿದೀಯಾ?" ಅಂತ ಬೈದ. ಯಾರಿಗೆ ಹೇಳಿ ಬರಲಿ? ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ ಅತ್ತೆ. ಆಮೇಲೆ ಸೀದಾ ಮರ್ಫಿ ಟೌನಿಗೆ ಹೋದೆ.

ರಫೀಕ್ ಭಾಯ್ ಗುರುತು ಹಿಡಿದರು. ನನ್ನ ಹಣೆಯಲ್ಲಿ ಬೊಟ್ಟು ಇತ್ತಲ್ಲ, ಅವರಿಗೆ ಹೇಗೆ ತಾನೇ ಗೊತ್ತಾಗಬೇಕು? "ಸಾರ್ ಬರ್ಲಿಲ್ವಾ ಮೇಡಂ? ಇಬ್ರೂ ಕೂರಬೇಕಲ್ಲ!" ಅಂದರು. ಹೇಳಲೇಬೇಕಿತ್ತು. "ಊರಿಗೆ ಹೋಗಿದಾರೆ" ಅಂದೆ. "ಪರವಾಗಿಲ್ಲ, ಮರಳಿನ ಮೂಟೆ ಇದೆ. ಸಾರ್ ತೂಕ ಎಷ್ಟು?"

ನಿಮ್ಮ ತೂಕ ಎಷ್ಟು ಅಂತ ನನ್ನನ್ನು ಕೊನೆಗೆ ಕೇಳಿದವಳು ಆಸ್ಪತ್ರೆಯ ನರ್ಸು, ಇಂಜೆಕ್ಷನ್ ಕೈಯಲ್ಲಿ ಹಿಡಿದುಕೊಂಡು. ನೀವು ಎಲ್ಲರೆದುರೂ ಎಂಬತ್ತು ದಾಟಿಲ್ಲ ಅಂತ ಜಂಬ ಕೊಚ್ಚುತ್ತಿದ್ದಿರಿ. ಅವಳಿಗೆ ನಿಜ ಹೇಳಿದ್ದೆ. ರಫೀಕ್ ಭಾಯ್‌ಗೂ ನಿಜವನ್ನೇ ಹೇಳಿದೆ: ಎಂಬತ್ತನಾಲ್ಕು.

ಅವರು ಮೂಟೆಗಳನ್ನು ತೂಗಿ ತಂದು ನಿಮ್ಮ ಸೀಟಿನಲ್ಲಿ ಒಂದರ ಮೇಲೊಂದು ಇಟ್ಟರು, ಬೀಳದಿರಲಿ ಅಂತ ಸೀಟ್ ಬೆಲ್ಟನ್ನೂ ಹಾಕಿದರು. ನನ್ನನ್ನು ಎಡಗಡೆ ಕೂರಿಸಿ ಗಾಡಿ ಮೇಲೆತ್ತಿದರು. ಅಯ್ಯೋ, ಏನು ಹೇಳಲಿ! ಮೇಲಿನ ಮೂಟೆ ನಿಮ್ಮ ಭುಜದ ಎತ್ತರಕ್ಕೇ ಬಂದಿತ್ತು. ನಗು ಬಂತು. ನೇರ ನೋಡಿಕೊಂಡು ಕೂತೆ. ಕಡೆಗಣ್ಣಿಗೆ ನೀವು ಇದ್ದ ಹಾಗೇ ಇತ್ತು. ಒಂದು ಸಲ ಮೆಲ್ಲಗೆ "ರೀ" ಅಂತ ಕರೆದೂ ನೋಡಿದೆ.

ಕೆಳಗಿಳಿಸಿದಾಗ ಚಕ್ರಗಳ ಓರೆ ತೋರಿಸುವ ಕಂಪ್ಯೂಟರಿನಲ್ಲಿ ಕೆಂಪು ಅಂಕಿಗಳೆಲ್ಲ ಹಸಿರಾಗಿದ್ದವು. "ಆಯ್ತು ಮೇಡಂ, ಸಾರ್ ಬಂದ್ರೆ ಸುಮ್ನೆ ಓಡಿಸ್ಕೊಂಡ್ ಹೋಗೋದೇ" ಅನ್ನುತ್ತ ಮೂಟೆಗಳನ್ನು ತೆಗೆಯತೊಡಗಿದರು. ಕೊನೆಯ ಮೂಟೆ ಎತ್ತಿದ ತಕ್ಷಣ ಬಲಗಡೆ ಮೇಲೆದ್ದು ಕಿರ್ರ್ ಅಂದಿತು. ನೀವು ಇಳಿದಿರಿ. ನನ್ನ ಪಕ್ಕದಿಂದಲೇ ಇಳಿದುಹೋದಿರಿ.

"ಅವರಿಲ್ಲ" ಅಂದೆ. ರಫೀಕ್ ಭಾಯ್ ಮೂಟೆ ಹಿಡಿದುಕೊಂಡೇ ನೋಡಿದರು. "ನಮ್ಮನೆಯವರು ತೀರಿಕೊಂಡ್ರು ಭಾಯ್. ಇನ್ಮೇಲೆ ಓಡಿಸೋಳು ನಾನೇ. ಇನ್ನೊಂದ್ ಸಲ ನೋಡಿ."

ಹೇಳಿಬಿಟ್ಟೆ ರೀ. ಭೂಮಿ ಬಾಯಿ ಬಿಡಲಿಲ್ಲ. ಅವರು ಮೂಟೆ ಕೆಳಗಿಟ್ಟು "ಯಾ ಅಲ್ಲಾ" ಅಂದರು, ಒಂದು ಲೋಟ ನೀರು ತಂದುಕೊಟ್ಟರು. ನಾನು ನಿಮ್ಮ ಸೀಟಿಗೆ ಬಂದು ಕೂತೆ. "ಆ ಕಡೆ ಖಾಲಿನೇ ಬಿಡ್ಲಾ ಅಮ್ಮಾ?" ಅಂತ ಕೇಳಿದರು. ಮೇಡಂ ಹೋಗಿ ಅಮ್ಮ ಆಗಿದ್ದೆ.

"ಬೇಡ. ಆ ಮೂಟೆಗಳನ್ನ ಆ ಕಡೆ ಇಡಿ."

"ನೀವೊಬ್ರೇ ಓಡಿಸೋವಾಗ ಆ ಕಡೆ ಭಾರ ಇರಲ್ಲ, ಒಂಚೂರು ಬಲಕ್ಕೆ ಎಳೆಯುತ್ತಮ್ಮಾ."

"ಎಳೀಲಿ" ಅಂದೆ.

ನಿನ್ನೆ ಬೆಳಿಗ್ಗೆ ಹಳೇ ಮದ್ರಾಸ್ ರಸ್ತೆಯಲ್ಲಿ ಕೆ.ಆರ್. ಪುರದ ಕಡೆಗೆ ಹೊರಟೆ, ಒಬ್ಬಳೇ. ಮೂಟೆಗಳು ರಫೀಕ್ ಭಾಯ್ ಶೆಡ್ಡಿನಲ್ಲೇ ಉಳಿದಿದ್ದವು. ರಸ್ತೆ ಖಾಲಿಯಿತ್ತು. ಸ್ಟೀರಿಂಗಿನಿಂದ ಒಂದು ಗಳಿಗೆ ಕೈ ತೆಗೆದೆ. ಬಲಕ್ಕೆ ಎಳೆಯಲೇ ಇಲ್ಲ. ಸೂಜಿಗೆ ಪೋಣಿಸಿದ ದಾರದ ಹಾಗೆ ನೆಟ್ಟಗೆ ಹೋಯಿತು. "ನೀರು ಹರಿಯಲಿ ಅಂತ ರಸ್ತೆಯ ವಾಟ ಎಡಕ್ಕೆ ಕೊಟ್ಟಿರ್ತಾರೆ ಕಣೇ, ಅದಕ್ಕೆ ಸರಿಹೋಗಿದೆ" ಅನ್ನುತ್ತೀರಿ, ನಿಮ್ಮ ಬುದ್ಧಿ ನನಗೆ ಗೊತ್ತಿಲ್ಲವೇ? ಇದ್ದರೂ ಇರಬಹುದು. ಕೆ.ಆರ್. ಪುರದ ತನಕ ನಾನು ಎಡಕ್ಕೆ ತಿರುಗಿ ಮಾತ್ರ ನೋಡಲಿಲ್ಲ.