ಮತ್ತಿ ಮರದ ಡಬ್ಬಿ

ಮಿಶ್ರಿಕೋಟಿ
೮-೨-೧೯೭೪

ಕೆಂಪು ಶಾಯಿಯಲ್ಲಿ ಬರೆಯುವವರಿಗೆ ನಮಸ್ಕಾರ.

ನಾನು ಅನ್ನಪೂರ್ಣೆಯ ಅತ್ತೆ. ನಿಮ್ಮ ಡಬ್ಬಿ ನನಗೆ ಸಿಕ್ಕಿದೆ.

ನನ್ನ ಮಗ ತೀರಿಕೊಂಡು ಎರಡು ವರ್ಷವಾಯಿತು. ದೀಪಾವಳಿಯಿಂದ ಈಚೆಗೆ ಸೊಸೆ ಅಡವಿಯಿಂದ ತರುವ ಕಟ್ಟಿಗೆ ಕಡಿಮೆಯಾಗಿತ್ತು, ಬೆರಳಿಗೆ ಶಾಯಿ ಹತ್ತಿರುತ್ತಿತ್ತು. “ಇಷ್ಟ ಯಾಕ ತಂದಿ?” ಎಂದು ಕೇಳಿದರೆ, “ಗಾರ್ಡ ಬಂದಿದ್ದರಿ, ಅತ್ತಿ” ಎಂದು ನೆಲ ನೋಡಿದಳು. ಯಾವನೋ ಗಂಡಸು ಇದ್ದಾನೆ ಎಂದುಕೊಂಡೆ.

ನಿನ್ನೆ ಅವಳು ಬಟ್ಟೆ ಒಗೆಯಲು ಹಳ್ಳಕ್ಕೆ ಹೋದಾಗ ನಾನೊಬ್ಬಳೇ ಅಡವಿಗೆ ಹೋದೆ. ಕಾಲುದಾರಿಯ ಗಿಡಗಳಿಗೆ ಅವಳ ಹಳೆಯ ನೀಲಿ ಸೀರೆಯ ಚೂರುಗಳನ್ನು ಕಟ್ಟಿತ್ತು. ಮೂರನೆಯ ಚೂರು ದಾಟಿದರೆ ಮತ್ತಿ ಮರ. ಅದರ ಪೊಟರೆಗೆ ಕಲ್ಲು ಮುಚ್ಚಿತ್ತು. ಕಲ್ಲು ಸರಿಸಿ ಕೈ ಹಾಕಿದೆ, ಡಬ್ಬಿ ಸಿಕ್ಕಿತು.

ಒಳಗೆ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಯ ಲೆಕ್ಕಗಳಿದ್ದವು. ಅವಳು ಬಿಡಿಸಿದ್ದು, ನೀವು ತಿದ್ದಿದ್ದು. ಅವಳ ಪುಸ್ತಕಗಳನ್ನು ನಮ್ಮ ಮನೆಯವರು ಒಲೆಗೆ ಹಾಕಿದ ದಿನ ನಾನು ಸುಮ್ಮನೆ ನಿಂತಿದ್ದೆ.

ನೀವು ಮಾಸ್ತರರೋ ಅಕ್ಕೋರೋ ನನಗೆ ತಿಳಿಯದು. ನನಗಿನ್ನೂ ಪೂರಾ ನಂಬಿಕೆ ಬಂದಿಲ್ಲ. ಅಕ್ಕೋರಾಗಿದ್ದರೆ ಮಧ್ಯಾಹ್ನ ಮನೆಗೇ ಬನ್ನಿ, ಆಗ ಮನೆಯವರು ಹೊಲದಲ್ಲಿರುತ್ತಾರೆ. ಮಾಸ್ತರರಾಗಿದ್ದರೆ ಡಬ್ಬಿಯೇ ಸಾಕು. ಇನ್ನು ಮುಂದೆ ಕಾಗದ ತಂದಿಡುವವಳು ನಾನು. ಇವತ್ತು ಸಂಜೆ ಅವಳಿಗೂ ಹೇಳುತ್ತೇನೆ.

ಪರೀಕ್ಷೆಯ ದಿನ ಯಾವುದೆಂದು ಬರೆದಿಡಿ. ತವರಿಗೆ ಹೋಗುವ ನೆಪ ಹೇಳಿ ನಾನೇ ಕರೆದುಕೊಂಡು ಹೋಗುತ್ತೇನೆ.

ನಾಲ್ಕನೆಯ ಲೆಕ್ಕಕ್ಕೆ ನೀವು ತಪ್ಪು ಹಾಕಿದ್ದೀರಿ. ನಾನೂ ನಾಲ್ಕನೇ ಇಯತ್ತೆ ಓದಿದವಳು, ಎರಡು ಸಲ ಬಿಡಿಸಿ ನೋಡಿದೆ. ಅವಳದೇ ಸರಿ ಇದೆ.

ಇಂತಿ,
ಮುಕ್ತಾಬಾಯಿ