ಎರವಲು ಗೋಲ್‌ಕೀಪರ್

೧೨ ಮಾರ್ಚ್, ಗುರುವಾರ. ಕೊವೆಂಟ್ರಿ.

ತರುಣ್‌ನನ್ನು ಇಂದು ಕೈಬಿಟ್ಟರು. ತಪ್ಪು ನನ್ನದು.

ಅವನು ದೊಡ್ಡ ಐಸ್ ಹಾಕಿ ಕ್ಲಬ್ಬಿನ ಗೋಲ್‌ಕೀಪರ್, ನಮ್ಮ ಪುಟ್ಟ ತಂಡಕ್ಕೆ ಎರವಲು ಬಂದವನು. ಅವರು ಕರೆದಾಗ ಹೋಗಬೇಕು, ಹೋಗಿ ಬೆಂಚಿನ ಮೇಲೆ ಸುಮ್ಮನೆ ಕೂರಬೇಕು. ಭಾನುವಾರ, ನಮ್ಮ ಸೆಮಿಫೈನಲ್ ದಿನವೇ ಕರೆ ಬಂತು. ‘ಆಟಗಾರ ಸಾಮಾನಲ್ಲ’ ಎಂದು ಕರಪತ್ರ ಬರೆದು ಐಸ್ ರಿಂಕಿನ ಬಾಗಿಲಲ್ಲಿ ಹಂಚಿದವಳು ನಾನು, ತಂಡದ ಅಭಿಮಾನಿ. ಹೋಗಬೇಡ ಎಂದೆ. ಹೋಗಲಿಲ್ಲ. ಗೆದ್ದೆವು, ಅವನನ್ನು ಹೆಗಲ ಮೇಲೆ ಹೊತ್ತು ಕುಣಿದೆವು.

ಇಂದು ದೊಡ್ಡ ಕ್ಲಬ್ಬು ಅವನ ಕರಾರು ಮುರಿಯಿತು. ನೀವಾದರೂ ಇಟ್ಟುಕೊಳ್ಳಿ ಎಂದು ನಮ್ಮ ಕೋಚ್ ಮುಂದೆ ಕೂಗಾಡಿದೆ. “ಇವನನ್ನ ಇಟ್ಕೊಂಡ್ರೆ ಅವರು ಎರವಲು ಕೊಟ್ಟಿರೋ ಉಳಿದ ಮೂವರನ್ನೂ ವಾಪಸ್ ಕರೆಸ್ಕೋತಾರೆ, ಲವ್,” ಎಂದ, ಇಲ್ಲಿನವರು ಎಲ್ಲರನ್ನೂ ಕರೆಯುವಂತೆ. ಕೂಗಾಟ ನಿಲ್ಲಿಸಿ ಡ್ರೆಸಿಂಗ್ ರೂಮಿಗೆ ಹೋದೆ.

ತರುಣ್ ಪ್ಯಾಡುಗಳನ್ನು ಚೀಲಕ್ಕೆ ತುಂಬುತ್ತಿದ್ದ. ಕ್ಷಮೆ ಕೇಳಿದೆ. ಇಲ್ಲೇ ಹುಟ್ಟಿದವನು, ಸದಾ ಇಂಗ್ಲಿಷಿನಲ್ಲೇ ಉತ್ತರ ಕೊಡುವವನು, ಇಂದು ಕನ್ನಡದಲ್ಲಿ ಹೇಳಿದ: “ಅಳಬೇಡಿ ಅಕ್ಕ. ಅವತ್ತು ನಾನು ಆಡಿದೆ ಅಲ್ವಾ?”

ಬೈದಿದ್ದರೆ ನಿದ್ದೆಯಾದರೂ ಬರುತ್ತಿತ್ತು.

ಶನಿವಾರ ಫೈನಲ್. ಗೋಲಿನಲ್ಲಿ ಹೊಸಬ ನಿಲ್ಲುತ್ತಾನೆ. ಅವನನ್ನೂ ಆ ದೊಡ್ಡ ಕ್ಲಬ್ಬಿನವರೇ ಎರವಲು ಕಳಿಸುತ್ತಿದ್ದಾರೆ.