ಬೆನ್ನ ಮೇಲಿನ ಬ್ಯಾಗು

ಮೆಡೋವೇಲ್
೧೮ ಫೆಬ್ರುವರಿ ೨೦೨೫

ಅಕ್ಕಾ,

"ಬೆನ್ನ ಮ್ಯಾಲೆ ಏನರ ಇದ್ರ ಚಲೋ ಅನಸ್ತದ ಮಾಮಾ" ಎಂದಳೋ, "ಧೈರ್ಯ ಅನಸ್ತದ" ಎಂದಳೋ, ಈಗ ಸರಿಯಾಗಿ ನೆನಪಾಗುತ್ತಿಲ್ಲ. ಹೇಳಿದ್ದು ನಿನ್ನ ಮಗಳು ತೃಪ್ತಿ; ಬ್ರ್ಯಾಂಪ್ಟನ್ನಿನ ಅವರ ಗರಾಜಿನಲ್ಲಿ, ನಾವು ಕಾಡಿಗೆ ಹೊರಡುವ ಹಿಂದಿನ ಸಂಜೆ.

ನೀನು ಹೇಗಿದ್ದೀ? ಮೊಣಕಾಲಿನ ನೋವು ಇಳಿಯಿತೆ? ಬರೆಯಲು ತಡವಾಯಿತು, ಸಿಟ್ಟಾಗಬೇಡ. ಬಲಗೈ ಬೆರಳು ಮುರಿದಿದ್ದವು, ಬ್ಯಾಂಡೇಜು ಬಿಚ್ಚಿದ್ದು ಮೊನ್ನೆ.

ನಿನ್ನ ಅಳಿಯ ಸತೀಶ ನಿನಗೆ ವಾಟ್ಸಾಪಿನಲ್ಲಿ ಬರೆದದ್ದು ಇಷ್ಟೇ ಇರಬೇಕು: ಸ್ಲೆಡ್ಡೋ ಬ್ಯಾಗೋ ಎಂಬ ವಾದದಲ್ಲಿ ಉದಯಮಾಮಾ ತಲೆಕೆಟ್ಟು ನನಗೆ ಹೊಡೆದರು. ಇಲ್ಲಿನ ನಮ್ಮವರೂ ಅದನ್ನೇ ನಂಬಿದ್ದಾರೆ. ಗೆಳೆಯ ಗದಿಗೆಪ್ಪ ಕೇಳಿದ, "ಏನ್ ಉದಯಣ್ಣ, ಬ್ಯಾಗಿನ ಸಲುವಾಗಿ ದವಡಿ ಮುರದ್ಯಂತ? ಸೂಟ್‌ಕೇಸ್ ಇದ್ದಿದ್ರ ಜೀವಾನ ತಗೀತಿದ್ದಿ ಬಿಡು." ನಾನೂ ನಕ್ಕೆ.

ವಾದ ಆಗಿದ್ದು ನಿಜ. ಹಿಮದ ಕಾಡಿನಲ್ಲಿ ಡೇರೆ ಹಾಕಲು ಹೋಗುವವರು ಸಾಮಾನನ್ನು ಬೆನ್ನ ಮೇಲೆ ಹೊರುತ್ತಾರೆ, ಇಲ್ಲವೆ ಹಿಮದ ಮೇಲೆ ಜಾರುವ, ಗಾಲಿಯಿಲ್ಲದ ಪ್ಲಾಸ್ಟಿಕ್ಕಿನ ಬಂಡಿಯಾದ ಸ್ಲೆಡ್ಡಿಗೆ ಹೇರಿ ಸೊಂಟಕ್ಕೆ ಕಟ್ಟಿಕೊಂಡು ಎಳೆಯುತ್ತಾರೆ. ನಾನು ಸ್ಲೆಡ್ಡಿನ ಕಡೆ. ಹೊತ್ತರೆ ಬೆನ್ನು ಬೆವರುತ್ತದೆ. ನಿಂತ ಕೂಡಲೇ ಆ ಬೆವರೇ ಮಂಜುಗಡ್ಡೆ. ತೃಪ್ತಿ ಮಾತ್ರ ಬ್ಯಾಗು ಬಿಡಲೊಲ್ಲಳು. ತಿಳಿಸಿ ಹೇಳಿ, ನಾನೇ ಅದನ್ನು ಅವಳ ಹೆಗಲಿನಿಂದ ಇಳಿಸಿದೆ. "ಆತು ಮಾಮಾ, ನೀವ್ ಹೇಳಿದ್ರ ಆತು" ಎಂದಳು.

ಸ್ಲೆಡ್ಡಿಗೂ ಸೊಂಟಕ್ಕೂ ನಡುವೆ ಎರಡು ಗಟ್ಟಿ ಕೋಲು ಬೇಕು, ಬರೀ ಹಗ್ಗವಾದರೆ ಇಳಿಜಾರಿನಲ್ಲಿ ಹಿಂದಿನಿಂದ ಬಂದು ಬಡಿಯುತ್ತದೆ ಎಂದೆ. ಸತೀಶ ಕೇಳಲಿಲ್ಲ. "ಹೊಲದಾಗ ಎತ್ತಿಗೆ ಹಗ್ಗಾ ಕಟ್ಟೇ ಕೊರಡು ಎಳಸತೇವ್ರಿ ಮಾಮಾ. ಯಾವ ಎತ್ತು ಬಿದ್ದದ?" ಹೊಲ ಮಟ್ಟಸ, ಅಲ್ಲಿ ದಿಬ್ಬಗಳಿವೆ ಎಂದೆ. ಅಷ್ಟರಲ್ಲಿ ಅವನು ಹಗ್ಗ ಕಟ್ಟಿಯಾಗಿತ್ತು.

ಮರುದಿನ ಕಾಡಿನಲ್ಲಿ, ಹೆಪ್ಪುಗಟ್ಟಿದ ಕೆರೆಗೆ ಇಳಿಯುವ ದಿಬ್ಬದಲ್ಲಿ ಅವನು ಹಗ್ಗವನ್ನು ತೃಪ್ತಿಯ ಸೊಂಟಕ್ಕೆ ಬಿಗಿದ. "ನಡಿ, ಇಳಿಜಾರು ಸಸಾರ ಅದ." ನಾನು ಮುಂದೆ ಹಿಮ ತುಳಿದು ದಾರಿ ಮಾಡುತ್ತಿದ್ದೆ. ಸದ್ದಿಗೆ ತಿರುಗಿದೆ. ಸ್ಲೆಡ್ಡು ಅವಳನ್ನು ಕೆಡವಿ ತಾನೂ ಮಗುಚಿತ್ತು. ಒಲೆ, ಹಾಸಿಗೆ, ನೀನು ಕಳಿಸಿದ ಕಟಕ ರೊಟ್ಟಿ, ಎಲ್ಲ ಚೆಲ್ಲಾಪಿಲ್ಲಿ. ಸತೀಶ ಮೇಲಿನಿಂದ ಓಡಿಬಂದ. ಎಬ್ಬಿಸಲು ಎಂದುಕೊಂಡೆ. ಬಿದ್ದಿದ್ದ ಸಲಿಕೆ ಎತ್ತಿ ಅವಳ ಬೆನ್ನಿಗೆ ಬಾರಿಸಿದ. ಮತ್ತೆ ಬಾರಿಸಿದ, ಕಂಬಳಿ ಕೊಡವುವಷ್ಟು ನಿರಾಳವಾಗಿ. ಅವಳ ಕೈಗಳು ಹೆಗಲ ಹಿಂದೆ ಏನನ್ನೋ ತಡಕಾಡಿದವು. ಅಲ್ಲಿ ಬ್ಯಾಗು ಇರಲಿಲ್ಲ.

ಸಲಿಕೆ ನನ್ನ ಕೈಗೆ ಹೇಗೆ ಬಂತೋ. ಮೊದಲ ಏಟಿಗೇ ಅವನ ದವಡೆ ಹೋಯಿತು. ಹಿಡಿ ಮುರಿದ ಮೇಲೆ ಮುಷ್ಟಿಯಿಂದ ಗುದ್ದಿದೆ, ಬೆರಳುಗಳು ಮಾತು ಕೇಳದಾಗುವ ತನಕ. ಹಿಮದ ಮೇಲೆ ರಕ್ತ ಬೇಗ ಗಟ್ಟಿಯಾಗುತ್ತದೆ. ಅದಕ್ಕೆ ರೊಟ್ಟಿಯ ಚೂರುಗಳು ಅಂಟಿದ್ದವು. ಆಮೇಲೆ ಅವನನ್ನು ಅದೇ ಸ್ಲೆಡ್ಡಿನಲ್ಲಿ ಮಲಗಿಸಿ, ಹಗ್ಗವನ್ನು ನನ್ನ ಸೊಂಟಕ್ಕೆ ಕಟ್ಟಿಕೊಂಡು ರಸ್ತೆಯವರೆಗೆ ಎಳೆದೆ. ತೃಪ್ತಿ ಅವನ ತಲೆ ಅಲುಗದಂತೆ ಹಿಡಿದು ಪಕ್ಕದಲ್ಲೇ ನಡೆದಳು. ಸ್ಲೆಡ್ಡು ಒಳ್ಳೆಯದೆಂದು ನಾನು ಹೇಳಿದ್ದು ಸುಳ್ಳಲ್ಲ.

ನನ್ನ ಮೇಲೆ ಕೇಸು ನಡೆದಿದೆ. ಅದು ಮುಗಿಯುವ ತನಕ ಅವರಿಬ್ಬರನ್ನೂ ನಾನು ಕಾಣುವಂತಿಲ್ಲ, ಮಾತಾಡಿಸುವಂತಿಲ್ಲ. ಸತೀಶನ ಬಾಯಿಗೆ ತಂತಿ ಬಿಗಿದಿದ್ದಾರೆ. ಕೈಗಳಿಗೆ ಏನೂ ಆಗಿಲ್ಲ. ನೀನು ವೀಸಾಕ್ಕೆ ಅರ್ಜಿ ಹಾಕು, ಬಾ. ಫೋನಿನಲ್ಲಿ ಮಾತ್ರ ಅವಳನ್ನು ಏನೂ ಕೇಳಬೇಡ. ಅವನು ಸ್ಪೀಕರ್ ಹಾಕಿಸುತ್ತಾನೆ.

ನಿನ್ನ ಕೈ ನನ್ನ ತಲೆಯ ಮೇಲಿರಲಿ. ಅದಕ್ಕೂ ಮೊದಲು ಅವಳ ಬೆನ್ನ ಮೇಲೆ.

ನಿನ್ನ ತಮ್ಮ,
ಉದಯಕುಮಾರ

ತಾ.ಕ.: ಪೊಲೀಸರಿಗೆ ತೃಪ್ತಿ, ಬೆನ್ನಿಗೆ ಬಡಿದದ್ದು ಸ್ಲೆಡ್ಡು ಎಂದಳು. ಗಂಡ ಎಬ್ಬಿಸಲು ಬಂದಾಗ ಮಾಮಾ ಸುಮ್ಮಸುಮ್ಮನೆ ಹೊಡೆದರು ಎಂದಳು. ನಾನು ಎದುರಿಗೇ ಇದ್ದೆ, ನನ್ನತ್ತ ನೋಡಲಿಲ್ಲ. ಅದಿರಲಿ. ಹಿಮದಿಂದ ಅವಳನ್ನು ಎಬ್ಬಿಸುವಾಗ ಜಾಕೆಟ್ಟು ಸರಿದಿತ್ತು, ಅಕ್ಕಾ. ಬೆನ್ನಿನಲ್ಲಿ ಹಳೆಯ ಬಾಸುಂಡೆಗಳು ಹಳದಿಗೆ ತಿರುಗಿದ್ದವು. ತೃಪ್ತೀ, ಕಾಡಿಗಾದರೆ ನೀನು ಬ್ಯಾಗು ಕೇಳಿದೆ. ಮನಿಯೊಳಗ ಬೆನ್ನಿಗೆ ಏನು ಹಾಕ್ಕೋತೀಯವ್ವಾ?